ಮೃದಂಗಕ್ಕೂ ಪೆಟ್ಟಿಗೆಗೂ ಪಂದ್ಯ

ಮಗಳು ಇವತ್ತಲ್ಲ ನಾಳೆ ಒಬ್ಬ ಅಳಿಯನನ್ನು ಮನೆಗೆ ಕರೆತರುತ್ತಾಳೆ ಎಂದು ನಾನು ಕಾದು ಕೂತಿದ್ದೆ. ಅವಳು ತಂದದ್ದು ಒಂದು ಪೆಟ್ಟಿಗೆ. ತಲೆದಿಂಬಿನಷ್ಟು ಅಗಲ, ಮೈತುಂಬ ತಿರುಗಿಸುವ ಗುಂಡಿಗಳು, ಹಿಂದುಗಡೆ ಇಳಿಬಿದ್ದ ಹತ್ತಾರು ವೈರುಗಳು, ಪಕ್ಕಕ್ಕೊಂದು ಲ್ಯಾಪ್‌ಟಾಪು. ಬಿಸಿಯಾಗುತ್ತದೆಂದು ಬಂದ ದಿನವೇ ಹಾಲಿನ ಫ್ಯಾನು ಅದರ ಕಡೆ ತಿರುಗಿತು. ಮನೆಯಲ್ಲಿದ್ದ ಒಂದೇ ಒಂದು ಮೆತ್ತನೆ ಕುರ್ಚಿಯೂ ಅದಕ್ಕೇ ಹೋಯಿತು. ಅದರ ಹತ್ತಿರ ನೀರಿನ ಲೋಟ ಇಡಬಾರದು, ಬಾಗಿಲು ದಢಾರನೆ ಹಾಕಬಾರದು, ಮಲಗಿದ್ದರೆ ಎಬ್ಬಿಸಬಾರದು. ಅಳಿಯನ ಉಪಚಾರವೆಂದರೆ ಇನ್ನೇನು ಮತ್ತೆ? ನಾನಂತೂ ಅದಕ್ಕೆ ಅಳಿಯ ಎಂದೇ ಹೆಸರಿಟ್ಟೆ.

ನಮ್ಮವರಿಗೆ ಮಾತ್ರ ಅದನ್ನು ಕಂಡರೆ ಮೈಯೆಲ್ಲ ಉರಿ. ನಮ್ಮವರು ಮೃದಂಗ ವಿದ್ವಾಂಸರು. ಅವರಿಗೆ ವಿದ್ಯೆ ಕಲಿಸಿದವರು ನನ್ನ ಅಪ್ಪ. ವಿದ್ಯೆಯ ಜೊತೆ ನನ್ನನ್ನೂ ಕೊಟ್ಟು ಕೈ ತೊಳೆದುಕೊಂಡರು. ಅಪ್ಪನ ಮನೆಯಲ್ಲಿ ಬೆಳೆದವಳಿಗೆ ತಾಳ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಲು ಕಾಯಿಸುವಾಗಲೂ ನನ್ನ ಕೈ ತಾಳ ಹಾಕುತ್ತಿರುತ್ತದೆ, ಹಾಲು ಉಕ್ಕುವುದೂ ಅದೇ ಕಾರಣಕ್ಕೆ. ನಮ್ಮವರ ಕಚೇರಿ ಎಲ್ಲೇ ಇರಲಿ, ನಾನು ಮುಂದಿನ ಸಾಲಿನಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕಬೇಕು. ಅವರು ವಾರೆಗಣ್ಣಿನಲ್ಲಿ ನನ್ನ ಕೈ ನೋಡುತ್ತಾ ಬಾರಿಸುತ್ತಾರೆ. ಕೇಳಿದರೆ, "ನಿನ್ನ ಕೈ ನೋಡೋಕೆ ನನಗೇನು ತಲೆ ಕೆಟ್ಟಿದೆಯಾ?" ಎನ್ನುತ್ತಾರೆ.

ಮಗಳಿಗೂ ಮೃದಂಗ ಕಲಿಸಿದ್ದರು. ಕೈ ಒಳ್ಳೆಯ ಕೈಯೇ. ದಿನಾ ಬೆಳಗ್ಗೆ ನಮ್ಮ ಹಾಲಿನಲ್ಲಿ ಮಕ್ಕಳು ಸಾಲಾಗಿ ಕೂತು ತಕ ತಕ ಎಂದು ಗೋಡೆ ಅಲುಗಾಡಿಸುವ ಪಾಠ ಒಂದಿದೆಯಲ್ಲ, ಅದನ್ನು ಇವಳಿಗೆ ಒಪ್ಪಿಸಿ ತಾವು ಒಂದು ಗಂಟೆ ಹೆಚ್ಚು ಮಲಗಬೇಕೆಂಬುದು ನಮ್ಮವರ ಬಾಳಿನ ದೊಡ್ಡ ಆಸೆ. ಇವಳೋ ಜಾಜ್ ಗುಂಪೊಂದನ್ನು ಸೇರಿಕೊಂಡಳು. ಗುಂಪು ಎಂದರೆ ಇವಳು, ಮೇಲಿನ ಮನೆಯ ಹಲ್ಲು ಡಾಕ್ಟರು, ಮತ್ತು ಪಕ್ಕದ ರಸ್ತೆಯ ದರ್ಜಿಯಮ್ಮ. ಡಾಕ್ಟರು ಸ್ಯಾಕ್ಸೊಫೋನ್ ಊದುತ್ತಾರೆ. ದರ್ಜಿಯಮ್ಮ ಕಡ್ಡಿಯಂಥ ಹೆಂಗಸು, ನುಡಿಸುವುದು ಡಬಲ್ ಬೇಸು. ಆಳಿಗಿಂತ ಎತ್ತರದ ಪಿಟೀಲು ಎಂದುಕೊಳ್ಳಿ. ಅದಕ್ಕೆ ಪರದೆ ಬಟ್ಟೆಯಲ್ಲಿ ಅವಳೇ ಹೊಲಿದ ಹೂವಿನ ಗವುಸು ಬೇರೆ. ಅದನ್ನು ಅಪ್ಪಿಕೊಂಡು ಮೆಟ್ಟಿಲು ಹತ್ತುವಾಗ ಯಾರೋ ದಪ್ಪ ನೆಂಟರನ್ನು ಎತ್ತಿಕೊಂಡು ಬರುವ ಹಾಗೆ ಕಾಣುತ್ತಾಳೆ.

ಪೆಟ್ಟಿಗೆಯ ಕೆಲಸವೇನೆಂದು ಮಗಳು ಅಪ್ಪನಿಗೆ ವಿವರಿಸಿದ್ದು ಊಟದ ಮೇಜಿನಲ್ಲಿ.

"ನೀವು ಬಾರಿಸಿದ್ದನ್ನ ಅದು ಆ ಕ್ಷಣದಲ್ಲೇ ಕೇಳಿಸಿಕೊಳ್ಳುತ್ತೆ ಅಪ್ಪಾ. ಕೇಳಿಸಿಕೊಂಡು, ಚೂರು ಚೂರು ಮಾಡಿ, ಬೇರೆ ದನಿಯಲ್ಲಿ ತಿರುಗಿ ನುಡಿಸುತ್ತೆ. ನಾನು ಗುಂಡಿ ತಿರುಗಿಸಿದ ಹಾಗೆ ಅದು ಗಂಟೆಯ ಥರ ಆಗುತ್ತೆ, ನೀರಿನ ಹನಿ ಥರ ಆಗುತ್ತೆ."

"ನಾನು ಬಾರಿಸಿದ್ದನ್ನ ನನಗೇ ವಾಪಸ್ ಮಾರೋದು," ಎಂದರು ನಮ್ಮವರು. "ಚೆನ್ನಾಗಿದೆ ವ್ಯಾಪಾರ. ಯಂತ್ರಕ್ಕೆ ಲೆಕ್ಕ ಬರಬಹುದು ಕಣೇ, ತಾಳ ಬರಲ್ಲ."

"ಬರುತ್ತೆ. ಒಂದು ಸಲ ಜೊತೆಗೆ ಕೂತು ನೋಡಿ. ಮುಂದಿನ ತಿಂಗಳು ಗ್ರಂಥಾಲಯದ ಹಾಲಿನಲ್ಲಿ ನಮ್ಮ ಕಚೇರಿ ಇದೆ."

"ಕೂರ್ತೀನಿ. ಅದು ಒಂದೇ ಒಂದು ಸಲ ತಾಳ ತಪ್ಪಿದರೆ ಪೆಟ್ಟಿಗೆ ಅಟ್ಟಕ್ಕೆ, ನೀನು ಬೆಳಗಿನ ಪಾಠಕ್ಕೆ."

"ತಪ್ಪದಿದ್ದರೆ?"

"ಅದು ಆಗದ ಮಾತು."

"ಆದರೆ?"

"ಆದರೆ ನಾನು ನಿಮ್ಮ ಗುಂಪಿಗೆ ಖಾಯಂ. ಆ ಡಾಕ್ಟರು ಕರೆದಲ್ಲಿಗೆಲ್ಲ ಬರ್ತೀನಿ, ಸಾಕಾ?"

ತೀರ್ಪು ಹೇಳುವವರು ಯಾರು ಎಂಬ ಪ್ರಶ್ನೆ ಬಂದಾಗ ಅಪ್ಪ ಮಗಳು ಇಬ್ಬರೂ ಒಟ್ಟಿಗೆ ನನ್ನ ಕಡೆ ಬೆರಳು ತೋರಿಸಿದರು. ನಮ್ಮ ಮನೆಯಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ವಿಷಯ ಅದು. ನಾನು ಮುಂದಿನ ಸಾಲಿನಲ್ಲಿ ಕೂತು ತಾಳ ಹಾಕಬೇಕು, ನನ್ನ ಕೈ ಬಿದ್ದಲ್ಲಿ ಪೆಟ್ಟಿಗೆಯ ದನಿ ಬೀಳದಿದ್ದರೆ ಬಾಯಿ ಬಿಟ್ಟು ಹೇಳಬೇಕು. ಗಂಡನ ಪರ ಹೇಳಿದರೆ ಮಗಳಿಗೆ ಮುನಿಸು, ಮಗಳ ಪರ ಹೇಳಿದರೆ ಗಂಡನಿಗೆ ಮುನಿಸು. ಅತ್ತ ದರಿ, ಇತ್ತ ಪುಲಿ.

ಮುಚ್ಚುಮರೆ ಏಕೆ, ಮಗಳೇ ಗೆಲ್ಲಲಿ ಎಂದು ನನ್ನ ಮನಸ್ಸು. ಆ ಪೆಟ್ಟಿಗೆ ಬಂದ ಮೇಲೆ ಅವಳು ಯಾರೂ ಎಬ್ಬಿಸದೆ ಏಳುತ್ತಿದ್ದಳು. ತಾಯಿಯಾದವಳಿಗೆ ಇದಕ್ಕಿಂತ ದೊಡ್ಡ ಪವಾಡ ಬೇಕೇ? ಇನ್ನೊಂದು ಕಾರಣವೂ ಇತ್ತು. ಒಂದು ದಿನ ಅವಳು ಲ್ಯಾಪ್‌ಟಾಪಿನಲ್ಲಿ ಏನೋ ಬರೆಯುತ್ತಿದ್ದಾಗ ಕೇಳಿದೆ, "ಇದು ತಾಳ ಎಲ್ಲಿಂದ ಹಿಡಿಯುತ್ತೆ? ಒಳಗೆ ಗಡಿಯಾರ ಇದೆಯಾ?"

"ಇತ್ತು ಅಮ್ಮಾ, ತೆಗೆದುಬಿಟ್ಟೆ. ಅಪ್ಪನ ಕೈಯನ್ನ ಮಾತ್ರ ಕೇಳಬೇಕು, ಬೇರೆ ಯಾರನ್ನೂ ಕೇಳಬಾರದು ಅಂತ ಹೇಳಿಟ್ಟಿದ್ದೀನಿ. ಅವರು ನಿಧಾನ ಮಾಡಿದರೆ ಇದೂ ನಿಧಾನ, ಅವರು ಓಡಿದರೆ ಇದೂ ಓಡುತ್ತೆ."

"ಅವರೇ ತಪ್ಪಿದರೆ?"

ಮಗಳು ನನ್ನ ಮುಖ ನೋಡಿ ಗೊಳ್ಳೆಂದು ನಕ್ಕಳು. "ಅಪ್ಪ ತಾಳ ತಪ್ಪೋದಾ?"

ನನಗೂ ನಗು ಬಂತು. ನಮ್ಮ ಮನೆಯಲ್ಲಿ ಹುಟ್ಟಿದವರಿಗಾಗಲಿ ಸೇರಿದವರಿಗಾಗಲಿ ಅಂಥದ್ದೊಂದು ಯೋಚನೆ ಬರುವುದೇ ಇಲ್ಲ. ಅಪ್ಪನನ್ನು ಇಷ್ಟು ನಂಬಿದ ಹುಡುಗಿ ಅಪ್ಪನಿಗೇ ಸೋಲಬಾರದು ಎನ್ನಿಸಿತು.

ಅಭ್ಯಾಸ ನಮ್ಮ ಹಾಲಿನಲ್ಲೇ ಶುರುವಾಯಿತು. ಮೊದಲ ದಿನ ಮಗಳು ಕಡಲೆಕಾಯಿ ಬೀಜದಷ್ಟು ಸಣ್ಣ ಮೈಕೊಂದನ್ನು ಮೃದಂಗದ ಹೊಟ್ಟೆಗೆ ಅಂಟಿಸಲು ಹೋದಳು.

"ಏನು, ನನ್ನ ಮೃದಂಗಕ್ಕೆ ಜ್ವರ ನೋಡ್ತಿದ್ದೀಯಾ?" ಎಂದರು ನಮ್ಮವರು.

ಮೃದಂಗದ ಎಡಮುಖಕ್ಕೆ ರವೆ ಕಲಸಿ ಮೆತ್ತುತ್ತಾರೆ, ಆಗಲೇ ಅದಕ್ಕೆ ಗುಂ ಎನ್ನುವ ತುಂಬು ದನಿ. ಆವತ್ತು ಬೇಕೆಂದೇ ಹಿಡಿ ರವೆ ಹೆಚ್ಚು ಮೆತ್ತಿದರು. ಅರ್ಧ ರವೆ ಮೈಕಿಗೆ ಹೋಯಿತು, ಕಾಲು ಭಾಗ ಡಾಕ್ಟರ ಬೂಟಿಗೆ. ಮಗಳು ಮೈಕು ಒರೆಸಿ, ಎಲ್ಲ ಸರಿ ಮಾಡಿ, "ಶುರು ಮಾಡಿ ಅಪ್ಪಾ" ಎಂದು ಕೈ ತೋರಿಸಿದಳು. ಎಲ್ಲರೂ ಉಸಿರು ಬಿಗಿಹಿಡಿದರು. ನಮ್ಮವರು ಕೈ ಎತ್ತಿದರು. ಮಧ್ಯಾಹ್ನ ಎರಡು ಸಲ ಬಡಿಸಿಕೊಂಡು ತಿಂದಿದ್ದರು. ಆ ನಿಶ್ಶಬ್ದದಲ್ಲಿ ಅವರ ಹೊಟ್ಟೆ ಗುರ್ರ್ ಎಂದಿತು.

ಮೃದಂಗ ತೊಡೆಯ ಮೇಲೆ, ಮೈಕು ಅವರ ಹೊಟ್ಟೆಯ ಪಕ್ಕದಲ್ಲಿ. ಪೆಟ್ಟಿಗೆ ಅದನ್ನೇ ಮೊದಲ ಪೆಟ್ಟು ಎಂದುಕೊಂಡು ಶ್ರದ್ಧೆಯಿಂದ ತಿರುಗಿ ನುಡಿಸಿತು. ಮೊದಲು ಇದ್ದ ಹಾಗೆ, ಆಮೇಲೆ ಕೊಡದೊಳಗಿಂದ ಬಂದ ಹಾಗೆ, ಆಮೇಲೆ ಗುಹೆಯೊಳಗಿಂದ ಬಂದ ಹಾಗೆ. ಗುರ್ರ್, ಗುರ್ರ್, ಗುರ್ರ್. ಡಾಕ್ಟರು ಕಣ್ಣು ಮುಚ್ಚಿ "ಆಹಾ" ಎಂದು ಸ್ಯಾಕ್ಸೊಫೋನ್ ಎತ್ತಿದರು. ದರ್ಜಿಯಮ್ಮ ಬಿಡುತ್ತಾಳೆಯೇ, ಅವಳೂ ತಂತಿ ಮೀಟಿದಳು. ನೋಡನೋಡುತ್ತಲೇ ನಮ್ಮವರ ಅಜೀರ್ಣ ಒಂದು ಭರ್ಜರಿ ಸಂಗೀತವಾಯಿತು.

"ನಿಲ್ಲಿಸಿ! ನಾನಿನ್ನೂ ಶುರುವೇ ಮಾಡಿಲ್ಲ!" ಎಂದು ನಮ್ಮವರು ಕೂಗಿದರು.

"ಎಂಥ ಆರಂಭ ಗುರುಗಳೇ!" ಎಂದರು ಡಾಕ್ಟರು. "ಕಚೇರಿ ದಿನಾನೂ ಇದನ್ನೇ ಇಟ್ಟುಕೊಳ್ಳೋಣ."

ಮಾರನೆಯ ದಿನದಿಂದ ನಮ್ಮವರು ಅಭ್ಯಾಸಕ್ಕೆ ಉಪವಾಸ ಬಂದರು. ಬರಿಹೊಟ್ಟೆ ಇನ್ನೂ ಜೋರಾಗಿ ಕೂಗಿತು.

ಡಾಕ್ಟರದ್ದು ಇನ್ನೊಂದು ಗೋಳು. ಅವರು ಊದುವ ಸ್ವರ ತಾಳಕ್ಕಿಂತ ಒಂದು ಕೂದಲೆಳೆ ಹಿಂದೆಯೇ ಬೀಳುತ್ತದೆ. ನಮ್ಮವರು ಹಲ್ಲು ಕಡಿದರು.

"ಡಾಕ್ಟ್ರೇ, ಕ್ಲಿನಿಕ್ಕಿಗೂ ಹೀಗೇ ತಡವಾಗಿ ಹೋಗ್ತೀರಾ?"

"ಬೇಕಂತಲೇ ಹಿಂದೆ ಇರೋದು ಗುರುಗಳೇ. ಜಾಜಲ್ಲಿ ಅದೇ ಸೊಗಸು. ತಾಳದ ಬೆನ್ನಿಗೆ ಒರಗಿಕೊಂಡು ಕೂರೋದು."

"ತಾಳ ಏನು ನಿಮ್ಮ ಕ್ಲಿನಿಕ್ಕಿನ ಕುರ್ಚಿನಾ, ಒರಗಿಕೊಳ್ಳೋಕೆ?"

ಆದರೆ ಪೆಟ್ಟಿಗೆಯ ಮೇಲೆ ಅವರಿಗೆ ಒಂದು ತಪ್ಪೂ ಸಿಗಲಿಲ್ಲ. ಇದ್ದಕ್ಕಿದ್ದ ಹಾಗೆ ನಿಧಾನ ಮಾಡಿದರು, ಪೆಟ್ಟಿಗೆಯೂ ನಿಧಾನ ಮಾಡಿತು. ನಡುವೆ ಕೆಮ್ಮಿದರು, ಕೆಮ್ಮೂ ತಾಳಕ್ಕೇ ಬಿತ್ತು. ದಿನ ಹತ್ತಿರ ಬಂದಂತೆ ಅವರಿಗೆ ತಳಮಳ ಹೆಚ್ಚಾಯಿತು. ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಬಕೆಟ್ಟಿನ ಮೇಲೆ ಏನೋ ಗುಟ್ಟಾಗಿ ಬಾರಿಸತೊಡಗಿದರು. ಬಾಗಿಲಿಗೆ ಕಿವಿ ಇಟ್ಟು ಕೇಳಿದೆ. ಏಳರ ಗುಂಪನ್ನು ಐದರ ಗುಂಪಿಗೆ ಹೆಣೆದು, ಅದನ್ನು ಮೂರು ಸಲ ಸುತ್ತಿ, ಕಡೆಗೆ ತಾಳದ ಮೊದಲ ಪೆಟ್ಟಿಗೆ, ಅಂದರೆ ಸಮಕ್ಕೆ, ತಂದು ಬಿಡುವ ಮುಕ್ತಾಯ. ಎಂಥ ಮಹಾ ವಿದ್ವಾಂಸರೂ ಬೆವರುವಂಥ ಲೆಕ್ಕ. ಹೆತ್ತ ಮಗಳಿಗೆ ಗುಂಡಿ ತೋಡುವ ಅಪ್ಪನನ್ನು ಕಂಡು ಸಿಟ್ಟು ನೆತ್ತಿಗೇರಿತು.

"ರೀ, ಬಕೆಟ್ ಒಡೆದರೆ ಹೊಸದು ನೀವೇ ತರಬೇಕು," ಎಂದು ಬಾಗಿಲು ಬಡಿದು ಬಂದೆ. ಇನ್ನೇನು ಹೇಳಲಿ? ನಾನು ತೀರ್ಪುಗಾರ್ತಿ, ಯಾರ ಪರವೂ ಮಾತಾಡುವ ಹಾಗಿಲ್ಲ.

ಕಚೇರಿಯ ದಿನ ಗ್ರಂಥಾಲಯದ ಹಾಲು ತುಂಬಿತ್ತು. ಅರ್ಧ ಜನ ಡಾಕ್ಟರ ಕಡೆಯವರು, ಎಲ್ಲರ ಹಲ್ಲೂ ಚೆನ್ನಾಗಿತ್ತು. ನಮ್ಮವರು ಗರಿಗರಿ ಬಿಳಿ ಅಂಗಿ ತೊಟ್ಟು ವೇದಿಕೆಯ ನಡುವೆ ಕೂತರು. ಬಲಕ್ಕೆ ಡಾಕ್ಟರು, ಎಡಕ್ಕೆ ದರ್ಜಿಯಮ್ಮ, ಹಿಂದೆ ಮೇಜಿನ ಮೇಲೆ ಅಳಿಯ, ಅದರ ಹಿಂದೆ ಮಗಳು. ನಾನು ಮುಂದಿನ ಸಾಲಿನಲ್ಲಿ. ಎಂಟು ಎಣಿಕೆಯ ಆದಿ ತಾಳ, ಮಕ್ಕಳಿಗೂ ಬರುವಂಥದ್ದು. ಆದರೂ ಎರಡೆರಡು ಸಲ ಎಣಿಸಿ ನೋಡಿಕೊಂಡೆ.

ಶುರುವಾಯಿತು. ಸುಳ್ಳು ಹೇಳಬಾರದು, ಚೆನ್ನಾಗಿತ್ತು. ಡಾಕ್ಟರ ಸ್ಯಾಕ್ಸೊಫೋನ್, ದರ್ಜಿಯಮ್ಮನ ತಂತಿ, ನಡುವೆ ನಮ್ಮವರ ಕೈ. ಅವರು ಬಾರಿಸಿದ್ದು ಒಂದು ಕ್ಷಣ ಬಿಟ್ಟು ಹಿಂದಿನಿಂದ ಹನಿಹನಿಯಾಗಿ ಉದುರುತ್ತಿತ್ತು. ಮಗಳು ಗುಂಡಿ ತಿರುಗಿಸುತ್ತಾ ಅಪ್ಪನ ಬೆನ್ನನ್ನೇ ನೋಡುತ್ತಿದ್ದಳು. ನಮ್ಮವರು ಐದಕ್ಕೆ ಹೋದರು, ಪೆಟ್ಟಿಗೆ ಐದಕ್ಕೆ ಬಂತು. ಏಳಕ್ಕೆ ಹಾರಿದರು, ಪೆಟ್ಟಿಗೆಯೂ ಹಾರಿತು. ನನ್ನ ಕೈ ಬಿದ್ದಲ್ಲೆಲ್ಲ ಅದೂ ಬಿತ್ತು. ನನ್ನ ಪಕ್ಕದಲ್ಲಿ ಕೂತ ಮುದುಕರೊಬ್ಬರು ನನ್ನ ಕೈ ನೋಡಿ ತಾವೂ ತಾಳ ಹಾಕಲು ಹೋಗಿ ಎರಡೇ ನಿಮಿಷದಲ್ಲಿ ಕೈ ಕಟ್ಟಿ ಕೂತರು.

ಕೊನೆಗೆ ಬಂತು ಬಕೆಟ್ಟಿನ ಲೆಕ್ಕ. ಡಾಕ್ಟರು, ದರ್ಜಿಯಮ್ಮ ಇಬ್ಬರೂ ನಿಲ್ಲಿಸಿ ಸಮಕ್ಕಾಗಿ ಕಾಯುತ್ತಾ ನಿಂತರು. ನಮ್ಮವರು ಒಂದು ಸುತ್ತು ಮುಗಿಸಿದರು. ಮಗಳ ಮುಖ ಬಿಳಿಚಿಕೊಂಡಿತು, ಇಂಥ ಹೆಣಿಗೆ ಅವಳು ಕೇಳಿರಲಿಲ್ಲ. ಎರಡನೆಯ ಸುತ್ತೂ ಮುಗಿಯಿತು. ಆಗ ಮಗಳು ಏನು ತಿರುಗಿಸಿದಳೋ, ಮೊದಲ ಸುತ್ತು ಪೆಟ್ಟಿಗೆಯಿಂದ ವಾಪಸು ಬಂತು. ತೀರ ಸಣ್ಣ ಸಣ್ಣ ಗಂಟೆಗಳ ದನಿಯಲ್ಲಿ, ಅಷ್ಟೂ ಏಳು, ಅಷ್ಟೂ ಐದು, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ಬಚ್ಚಲಿನಲ್ಲಿ ದಬದಬ ಎನ್ನುತ್ತಿದ್ದ ಲೆಕ್ಕ ಅಷ್ಟು ಮುದ್ದಾಗಿತ್ತೆಂದು ನನಗೇ ಗೊತ್ತಿರಲಿಲ್ಲ.

ನಮ್ಮವರಿಗೂ ಗೊತ್ತಿರಲಿಲ್ಲ. ಅವರ ತಲೆ ಮೆಲ್ಲಗೆ ಪಕ್ಕಕ್ಕೆ ವಾಲಿತು. ಬಾಯಿಂದ "ಆಹಾ" ಎಂಬ ಮಾತು ಬಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಕೈ ಬಾರಿಸುತ್ತಲೇ ಇತ್ತು, ಅವರು ಮಾತ್ರ ಬಾರಿಸುವುದನ್ನು ಬಿಟ್ಟು ಕೇಳುತ್ತಿದ್ದರು. ಇಷ್ಟು ವರ್ಷ ಎಷ್ಟೋ ಸಭೆಗಳಿಗೆ ಬಾರಿಸಿದ ಮನುಷ್ಯ ತಮ್ಮದೇ ವಾದ್ಯವನ್ನು ಮುಂದಿನ ಸಾಲಿನಲ್ಲಿ ಕೂತು ಕೇಳಿದವರಲ್ಲ ಪಾಪ. ಮೂರನೆಯ ಸುತ್ತು ಬಂತು, ನನ್ನ ಕೈ ಸಮಕ್ಕೆ ತೊಡೆಯ ಮೇಲೆ ಬಿತ್ತು. ಅವರ ಪೆಟ್ಟು ಬೀಳಲಿಲ್ಲ.

ಅರ್ಧ ಎಣಿಕೆ ಬಿಟ್ಟು ಬಿತ್ತು. ಢಂ ಎಂದು, ಸಿಂಹದ ಹಾಗೆ. ಪೆಟ್ಟಿಗೆ ಅವರ ಕೈಯನ್ನೇ ನಂಬಿತ್ತಲ್ಲ, ಅದೂ ಅದೇ ತಪ್ಪು ಜಾಗಕ್ಕೆ ಢಂ ಎಂದು ಹಾರಿತು. ಡಾಕ್ಟರು ಹೇಗೂ ಸದಾ ತಡ, ಆವತ್ತು ಇನ್ನೊಂಚೂರು ಹೆಚ್ಚೇ ಒರಗಿದ್ದರೆಂದು ಕಾಣುತ್ತದೆ, ಸರಿಯಾಗಿ ಅವರ ಜೊತೆಗೇ ಬಂದು ಬಿದ್ದರು. ನಿಜವಾದ ಸಮಕ್ಕೆ ಸರಿಯಾಗಿ ಮೀಟಿದವಳು ದರ್ಜಿಯಮ್ಮ ಒಬ್ಬಳೇ. ಅವಳು ತನ್ನದೇ ತಪ್ಪೆಂದು ಹೆದರಿ, ನಾಲಿಗೆ ಕಚ್ಚಿಕೊಂಡು, ಅವರ ಜೊತೆ ಇನ್ನೊಂದು ಸಲ ಮೀಟಿದಳು.

ಚಪ್ಪಾಳೆಯೋ ಚಪ್ಪಾಳೆ. ಜನ ಎದ್ದು ನಿಂತರು. ಕೈ ಕಟ್ಟಿ ಕೂತಿದ್ದ ಮುದುಕರೂ ಎದ್ದರು. ಇಡೀ ಹಾಲಿನಲ್ಲಿ ಅದು ತಪ್ಪು ಎಂದು ಗೊತ್ತಿದ್ದದ್ದು ನಮ್ಮ ಮನೆಯ ಮೂವರಿಗೆ. ಮಗಳ ಕೈ ಗುಂಡಿಯ ಮೇಲೆಯೇ ನಿಂತುಹೋಗಿತ್ತು. ನಮ್ಮವರು ನನ್ನ ತೊಡೆಯ ಮೇಲಿದ್ದ ಕೈಯನ್ನು ನೋಡುತ್ತಿದ್ದರು, ವಾರೆಗಣ್ಣಿನಲ್ಲಲ್ಲ, ನೇರವಾಗಿ.

ಚಪ್ಪಾಳೆ ಇಳಿದ ಮೇಲೆ ಕುಳಿತಲ್ಲಿಂದಲೇ, "ಹೇಳೇ, ತೀರ್ಪು ಹೇಳು," ಎಂದರು.

ಪೆಟ್ಟಿಗೆ ತಪ್ಪಿತು ಎಂದರೆ ಮಗಳ ಬಾಳು ಅಟ್ಟಕ್ಕೆ. ಅದೂ ಅಲ್ಲದೆ ಪೆಟ್ಟಿಗೆ ತಪ್ಪಿತು ಎನ್ನಬೇಕಾದರೆ ಅವರೇ ತಪ್ಪಿದರು ಎಂದು ಊರೆದುರು ಹೇಳಬೇಕು. ನನ್ನ ಅಪ್ಪ ಬದುಕಿದ್ದರೆ ಏನನ್ನುತ್ತಿದ್ದರೋ, ನಾನು ಕಣ್ಣು ಮುಚ್ಚಿಕೊಂಡು, "ತಪ್ಪಿಲ್ಲ," ಎಂದೆ.

"ಏನಂದೆ?"

"ಪೆಟ್ಟಿಗೆ ತಾಳ ತಪ್ಪಿಲ್ಲ ಅಂದೆ. ಪುಟ್ಟಿ ಗೆದ್ದಳು. ಏಳಿ, ಮನೆಗೆ ಹೋಗೋಣ."

"ನಿಮ್ಮಪ್ಪನ ಮಗಳಾಗಿ ತಾಳದ ವಿಷಯದಲ್ಲಿ ಸುಳ್ಳು ಹೇಳ್ತೀಯಾ?" ಎಂದು ಗುಡುಗಿದರು.

ಮೈಕು ಇನ್ನೂ ಮೃದಂಗಕ್ಕೆ ಅಂಟಿಕೊಂಡೇ ಇತ್ತು. "ಸುಳ್ಳು, ಸುಳ್ಳು, ಸುಳ್ಳು," ಎಂದು ಪೆಟ್ಟಿಗೆ ಗಂಟೆಯ ದನಿಯಲ್ಲಿ ಶುರುಮಾಡಿತು. ಹೊರಟಿದ್ದ ಜನ ಮುಂದಿನ ಹಾಡು ಎಂದುಕೊಂಡು ಮತ್ತೆ ಕೂತರು. ಡಾಕ್ಟರು ಕಣ್ಣು ಮುಚ್ಚಿ ಸ್ಯಾಕ್ಸೊಫೋನ್ ಎತ್ತಿದರು.

"ಡಾಕ್ಟ್ರೇ, ಸುಮ್ಮನಿರಿ!"

"ಸುಮ್ಮನಿರಿ, ಸುಮ್ಮನಿರಿ," ಎಂದಿತು ಪೆಟ್ಟಿಗೆ ಗುಹೆಯೊಳಗಿಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಗಳು ಓಡಿಬಂದು ವೈರು ಕಿತ್ತಳು.

ಹಾಲು ಖಾಲಿಯಾಗುವ ತನಕ ನಮ್ಮವರು ಮೃದಂಗ ತಬ್ಬಿಕೊಂಡು ಕೂತಿದ್ದರು. ನಾನು ವೇದಿಕೆ ಹತ್ತಿ ಪಕ್ಕಕ್ಕೆ ನಿಂತೆ.

"ತಪ್ಪಿತು," ಎಂದರು. "ಅರ್ಧ ಎಣಿಕೆ. ನಾನು ತಪ್ಪಿದೆ, ಅದೂ ತಪ್ಪಿತು."

ಮದುವೆಯಾದಂದಿನಿಂದ ಆ ಬಾಯಲ್ಲಿ 'ನಾನು ತಪ್ಪಿದೆ' ಎಂಬ ಮಾತು ಕೇಳಿದವಳಲ್ಲ. ಛತ್ರಿ ಕಳೆದುಕೊಂಡು ಬಂದರೆ ಛತ್ರಿಯದೇ ತಪ್ಪು, ಬಸ್ಸು ತಪ್ಪಿದರೆ ಬಸ್ಸಿನದೇ ತಪ್ಪು. ಅಂಥ ಮನುಷ್ಯ.

ಮಗಳ ಮೂಗು ಕೆಂಪಗಾಗಿತ್ತು. ಒಂದೊಂದೇ ವೈರು ಬಿಚ್ಚಿ ಸುತ್ತಿ ಚೀಲಕ್ಕೆ ಹಾಕತೊಡಗಿದಳು. ನೋಡಲಾಗಲಿಲ್ಲ. ಗಂಡನ ಪ್ರಾಮಾಣಿಕತೆಗೆ ಬೆಂಕಿ ಬೀಳಲಿ ಎಂದುಕೊಂಡೆ.

"ಏನು ಮಾಡ್ತಿದ್ದೀಯಾ?" ಎಂದರು ನಮ್ಮವರು.

"ಸೋತೆನಲ್ಲ ಅಪ್ಪಾ. ಅಟ್ಟಕ್ಕೆ ಕಟ್ತಿದ್ದೀನಿ. ನಾಳೆಯಿಂದ ಪಾಠಕ್ಕೆ ಬರ್ತೀನಿ."

"ಬಾ. ಸೋತವಳು ಬರಲೇಬೇಕು. ಅದನ್ನೂ ಕರ್ಕೊಂಡು ಬಾ."

ಮಗಳು ತಲೆ ಎತ್ತಿದಳು. "ಯಾವುದನ್ನ?"

"ಇನ್ಯಾವುದನ್ನ? ಅದನ್ನೇ." ಗಂಟಲು ಸರಿಮಾಡಿಕೊಂಡರು. "ಅಟ್ಟ ತುಂಬಾ ಧೂಳು. ಅದೂ ಅಲ್ಲದೆ..."

"ಅದೂ ಅಲ್ಲದೆ ಏನ್ರೀ?" ಎಂದೆ. ಬಾಯಿ ಬಿಡಿಸದೆ ಬಿಡುವವಳಲ್ಲ ನಾನು.

ಅವರು ಎಡಮುಖದ ರವೆಯನ್ನು ಉಗುರಿನಿಂದ ಕೆರೆಯುತ್ತಾ ಹೇಳಿದರು. "ಇದೇನು ಮೊದಲ ಸಲ ಅಲ್ಲ. ಮುಂಚೆಯೂ ತಪ್ಪಿದ್ದೀನಿ. ನಿನ್ನ ಕೈ ನೋಡಿ ಸರಿ ಮಾಡ್ಕೊಂಡಿದ್ದೀನಿ. ಆಗೆಲ್ಲ ಪಕ್ಕದಲ್ಲಿ ಕೂತೋರು ಒಬ್ಬರ ಮುಖ ಒಬ್ಬರು ನೋಡಿ ನಗೋರು. ಇದು ನಗಲಿಲ್ಲ ಕಣೇ. ನಾನು ಹಳ್ಳಕ್ಕೆ ಬಿದ್ದೆ, ನನ್ನ ಹಿಂದೇನೇ ಅದೂ ಬಿತ್ತು."

ದರ್ಜಿಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮಗಳು ಅಳುತ್ತಲೇ ನಕ್ಕಳು. "ಅಪ್ಪಾ, ಅದಕ್ಕೆ ನಗೋಕೇ ಬರಲ್ಲ."

"ಒಳ್ಳೇದಾಯ್ತು," ಎಂದು ನಮ್ಮವರು ಮೃದಂಗವನ್ನು ಹೆಗಲಿಗೇರಿಸಿ ಎದ್ದರು. "ಅದೊಂದು ಮಾತ್ರ ಕಲಿಸಬೇಡ."